ಇಬ್ಬರಿಗೆ ಎಷ್ಟು ಸೀಟು ಬೇಕು?

ನಮ್ಮ ಮನೆಯಲ್ಲಿ ಹೊಸ ಕಾರಿನ ಮಾತು ಎದ್ದಾಗಲೆಲ್ಲ ಅದು ಕೊನೆಗೆ ಸೀಟಿನ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಇವರಿಗೆ ಏಳು ಸೀಟಿನ ಗಾಡಿ ಬೇಕು. ಪುಣೆಯಿಂದ ಮಗಳು-ಅಳಿಯ ಬಂದಾಗ, ಬೆಂಗಳೂರಿನಿಂದ ಮಗ ಬಂದಾಗ, ಹುಬ್ಬಳ್ಳಿಯಲ್ಲಿ ಭಾವನವರ ಮನೆಯಲ್ಲಿರುವ ಅತ್ತೆಯವರನ್ನೂ ಕರೆದುಕೊಂಡು ಎಲ್ಲರೂ ಒಂದೇ ಗಾಡಿಯಲ್ಲಿ ಬಾದಾಮಿಯ ಬನಶಂಕರಿಗೆ ಹೋಗಿಬರಬೇಕು ಅನ್ನುವುದು ಇವರ ಬಹುದಿನದ ಆಸೆ. ನನಗೆ ಚಿಕ್ಕ ಕಾರು ಬೇಕು. ಧಾರವಾಡದ ಮನೆಯಲ್ಲಿ ಈಗ ಇರುವವರು ನಾವಿಬ್ಬರೇ. ದಿನಾ ಹುಬ್ಬಳ್ಳಿಯ ಕಾಲೇಜಿಗೆ ಕಾರು ಓಡಿಸಿಕೊಂಡು ಹೋಗಿ ಬರುವವಳು ನಾನು. ಸುಭಾಷ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವವಳೂ ನಾನೇ.

ಫೋನಿನಲ್ಲಿ ಇದನ್ನೇ ಕೇಳಿ ಕೇಳಿ ಬೇಸತ್ತ ಮಗಳು, "ಅವ್ವಾ, ಒಂದೊಂದ ಶೋರೂಮಿಗೆ ಹೋಗಿ ಜಗಳಾಡೂದಕ್ಕಿಂತ ಇಬ್ಬರೂ ದಿಲ್ಲಿಗೆ ಹೋಗ್ರಿ. ಎಲ್ಲಾ ಗಾಡಿ ಒಂದ ಕಡೆ ನೋಡ್ಕೊಂಡು ಬರ್ರಿ" ಅಂದಳು. ಭಾರತ್ ಮೊಬಿಲಿಟಿ ಎಂಬ ಕಾರುಗಳ ಮೇಳಕ್ಕೆ ಆನ್‌ಲೈನಿನಲ್ಲಿ ನಮ್ಮ ಹೆಸರು ನೋಂದಾಯಿಸಿದವಳು ಅವಳೇ. ಪ್ರವೇಶ ಉಚಿತವಿತ್ತು, ಹೆಸರು ಬರೆಸಿದರೆ ಸಾಕಿತ್ತು. 2025ರ ಜನವರಿ 17ರಿಂದ 22ರವರೆಗೆ ಮೇಳ, ನಮ್ಮಂಥ ಜನಸಾಮಾನ್ಯರಿಗೆ 19ನೇ ತಾರೀಖು ಭಾನುವಾರದಿಂದ ಬಾಗಿಲು ತೆರೆಯಲಿತ್ತು. ಮಕ್ಕಳ ಶಾಲೆ, ಹಬ್ಬ, ಮದುವೆ, ಮುಂಜಿವೆ, ಆಸ್ಪತ್ರೆ, ಯಾವ ನೆಪವೂ ಇಲ್ಲದೆ ನಾವಿಬ್ಬರೇ ಎಲ್ಲಿಗಾದರೂ ಹೋಗಿ ಬಹಳ ವರ್ಷಗಳಾಗಿದ್ದವು. ಕಾರಿಗಿಂತ ಹೆಚ್ಚಾಗಿ ಆ ಕಾರಣಕ್ಕೇ ನಾನು ತಕ್ಷಣ ಹೂಂ ಅಂದೆ.

ನಮ್ಮಲ್ಲಿರುವುದು 2004ರ ಮಾರುತಿ 800. ಬಿಳಿ ಬಣ್ಣ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ 2024ರಲ್ಲಿ ಮತ್ತೊಮ್ಮೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಿದ್ದೇವೆ. ಮೊದಲ ಸಲಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತ್ತು, ಹಸಿರು ತೆರಿಗೆ ಬೇರೆ. ಕೊಟ್ಟೆವು. ಅದೇ ಗಾಡಿ ಆಗ ದೆಹಲಿಯಲ್ಲಿ ರಸ್ತೆಗಿಳಿಯುವ ಹಾಗಿರಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಜನವರಿಯ ಬೆಳಗ್ಗೆ ಕರೋಲ್ ಬಾಗಿನ ಲಾಡ್ಜಿನ ಕಿಟಕಿ ತೆರೆದಾಗ ಎದುರಿನ ಕಟ್ಟಡವೇ ಕಾಣದಷ್ಟು ಮುಸುಕಿದ್ದ ಹೊಗೆಮಂಜು ನೋಡಿ, ಆ ನಿಯಮ ಯಾಕೆ ಬಂತು ಅನ್ನುವುದು ನನಗೆ ಗಂಟಲಿನಿಂದಲೇ ತಿಳಿಯಿತು. ಆದರೂ ಗಾಡಿಯ ಆಯಸ್ಸನ್ನು ಅದು ಉಗುಳುವ ಹೊಗೆಯಿಂದ ಅಳೆಯಬೇಕೇ ಹೊರತು ಹುಟ್ಟಿದ ವರ್ಷದಿಂದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶನಿವಾರ ಪೂರ್ತಿ ನಮ್ಮದೇ ಆಗಿತ್ತು. ಎಲ್ಲರೂ ಕೆಂಪು ಕೋಟೆ, ಕುತುಬ್ ಮಿನಾರ್ ಅಂದರೆ ಇವರು ಕಾಶ್ಮೀರಿ ಗೇಟ್ ಅಂದರು. 1857ರ ತೋಪಿನ ಗುಂಡುಗಳ ಗಾಯ ಇಂದಿಗೂ ಉಳಿದಿರುವ ಆ ಹಳೇ ದ್ವಾರದ ಸುತ್ತ ಮೋಟಾರು ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಿದೆ. ಒಂದು ಓಣಿಯ ತುಂಬ ಬರೀ ಹೆಡ್‌ಲೈಟು, ಇನ್ನೊಂದರ ತುಂಬ ಬರೀ ಬೇರಿಂಗು. ಒಂದು ಅಂಗಡಿಯಲ್ಲಿ ನೆಲದಿಂದ ಚಾವಣಿಯವರೆಗೆ ಬಂಪರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದರು. ಗ್ರೀಸು ಮತ್ತು ಹೊಸ ರಬ್ಬರಿನ ವಾಸನೆ, ತಲೆಯ ಮೇಲೆ ಸೈಲೆನ್ಸರ್ ಹೊತ್ತು "ಸರಿಯಿರಿ, ಸರಿಯಿರಿ" ಎಂದು ಕೂಗುತ್ತ ನುಗ್ಗುವ ಹಮಾಲರು. ಇವರ ಮುಖ ಅಷ್ಟು ಅರಳಿದ್ದನ್ನು ಈಚೆಗೆ ನಾನು ನೋಡಿರಲಿಲ್ಲ.

ನಮಗೆ ಬೇಕಾಗಿದ್ದದ್ದು ಗ್ಲಾಸ್ ಏರಿಸುವ ಹ್ಯಾಂಡಲ್ ಮತ್ತು ಬಾಗಿಲ ಬೀಡಿಂಗ್. 800 ಎಂದ ಕೂಡಲೇ ಅಂಗಡಿಯ ಮುದುಕರು ಎದ್ದು ನಿಂತು, ಒಳಗಿನ ಗೂಡಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ತೆಗೆದರು. ಒಂದು ಕಾಲದಲ್ಲಿ ದಿನವಿಡೀ ಇದೊಂದೇ ಗಾಡಿಯ ಸಾಮಾನು ಮಾರಿ ಮನೆ ನಡೆಸಿದೆ, ಈಗ ದೆಹಲಿಯವರು ಯಾರೂ ಕೇಳುವುದಿಲ್ಲ, ಪಾರ್ಸೆಲ್ ಎಲ್ಲಾ ಹೊರಗಿನ ಸಣ್ಣ ಊರುಗಳಿಗೇ ಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ನಮ್ಮದು ಇನ್ನೂ ದಿನಾ ನಲವತ್ತು ಕಿಲೋಮೀಟರ್ ಓಡುತ್ತದೆ ಅಂದದ್ದಕ್ಕೆ ಅವರು ಹ್ಯಾಂಡಲಿನ ಜೊತೆ ಒಂದು ಪ್ಲಾಸ್ಟಿಕ್ ಕ್ಲಿಪ್ಪನ್ನು ದುಡ್ಡು ತೆಗೆದುಕೊಳ್ಳದೆ ಕಟ್ಟಿಕೊಟ್ಟರು. ಹ್ಯಾಂಡಲ್ ಬಿದ್ದುಹೋಗುವುದು ಈ ಕ್ಲಿಪ್ ಸವೆದೇ ಎಂದು ಅವರಿಗೆ ಗೊತ್ತಿತ್ತು.

ಮಾರುತಿ 800ರ ಕತೆ ಶುರುವಾದದ್ದೂ ದೆಹಲಿಯವರೊಬ್ಬರಿಂದಲೇ. 1983ರ ಡಿಸೆಂಬರ್ 14ರಂದು ಗ್ರೀನ್ ಪಾರ್ಕಿನ ಹರ್ಪಾಲ್ ಸಿಂಗ್ ಅವರಿಗೆ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟರು. ಲಾಟರಿ ಎತ್ತಿದಾಗ ಅವರ ಹೆಸರು ಬಂದಿತ್ತು. ಬೆಲೆ 47,500 ರೂಪಾಯಿ. ಡಿಐಎ 6479 ನಂಬರಿನ ಆ ಬಿಳೀ ಗಾಡಿಯನ್ನು ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ. ಆ ಸಂಜೆ ಮೆಟ್ರೋದಲ್ಲಿ ಇವರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಅಂವಾ ನಮ್ಮಂಥಾಂವನ" ಅಂದರು.

ಭಾನುವಾರ ಬೆಳಗ್ಗೆ ನೀಲಿ ಲೈನಿನಲ್ಲಿ ಸುಪ್ರೀಂ ಕೋರ್ಟ್ ನಿಲ್ದಾಣಕ್ಕೆ ಹೋಗಿ ಇಳಿದೆವು. ಮೊದಲು ಇದಕ್ಕೆ ಪ್ರಗತಿ ಮೈದಾನ ಎಂದೇ ಹೆಸರು. ದೇಶದ ಮೊದಲ ಆಟೋ ಎಕ್ಸ್‌ಪೋ ನಡೆದದ್ದು ಇದೇ ಮೈದಾನದಲ್ಲಿ, 1986ರ ಜನವರಿಯಲ್ಲಿ. 2014ರಿಂದ ಕಾರುಗಳ ಮೇಳ ಗ್ರೇಟರ್ ನೋಯ್ಡಾಕ್ಕೆ ಹೋಗಿತ್ತು. ಹಳೆಯ ಮಂಟಪಗಳನ್ನು ಕೆಡವಿ 2023ರಲ್ಲಿ ಭಾರತ್ ಮಂಟಪಂ ಕಟ್ಟಿದ ಮೇಲೆ ಅದು ಮತ್ತೆ ಇಲ್ಲಿಗೆ ಬಂದಿದೆ. ಎದುರಿಗೆ ತಮಿಳುನಾಡಿನ ಸ್ವಾಮಿಮಲೈ ಶಿಲ್ಪಿಗಳು ಎರಕ ಹೊಯ್ದ ಇಪ್ಪತ್ತೇಳು ಅಡಿಯ ಅಷ್ಟಧಾತು ನಟರಾಜ. ಮಂಜಿನಲ್ಲಿ ಎತ್ತಿದ ಪಾದ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಇವರು ಚಪ್ಪಲಿ ಬಿಟ್ಟು ಕೈಮುಗಿದರು.

ಈ ನೆಲದ ಮೇಲೆ ನಿಂತಾಗ ನನಗೆ ನೆನಪಾದದ್ದು ನ್ಯಾನೊ. 2008ರ ಜನವರಿ 10ರಂದು ರತನ್ ಟಾಟಾ ಅದನ್ನು ಇಲ್ಲಿಯೇ ವೇದಿಕೆಗೆ ಓಡಿಸಿಕೊಂಡು ಬಂದು, ಒಂದು ಲಕ್ಷ ರೂಪಾಯಿಗೆ ಕೊಡುತ್ತೇನೆ, ಕೊಟ್ಟ ಮಾತು ಕೊಟ್ಟ ಮಾತೇ ಅಂದಿದ್ದರು. ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮಕ್ಕಳು ಕೂತು ಹೋಗುವುದನ್ನು ಕಂಡು ಹುಟ್ಟಿದ ಯೋಚನೆ ಅದೆಂದು ಅವರು ಹಲವು ಸಲ ಹೇಳಿದ್ದರು. ನಾವೂ ಹಾಗೆ ಕೂತು ಹೋದವರು. ಬಜಾಜ್ ಚೇತಕ್‌ನ ಮುಂದೆ ಮಗ ನಿಂತುಕೊಳ್ಳುತ್ತಿದ್ದ, ನಮ್ಮಿಬ್ಬರ ನಡುವೆ ಮಗಳು, ನನ್ನ ಮಡಿಲಲ್ಲಿ ಸಂತೆಯ ಚೀಲ. ನ್ಯಾನೊ ಯಾಕೆ ಸೋತಿತು ಎಂಬುದಕ್ಕೆ ಕಾರಣಗಳು ಅನೇಕ: ಪಶ್ಚಿಮ ಬಂಗಾಳದ ಸಿಂಗೂರಿನಿಂದ ಗುಜರಾತಿನ ಸಾನಂದಕ್ಕೆ ಕಾರ್ಖಾನೆ ಎತ್ತಿಕೊಂಡು ಹೋಗಬೇಕಾಯಿತು, ಆರಂಭದಲ್ಲಿ ಕೆಲವು ಗಾಡಿಗಳಿಗೆ ಬೆಂಕಿ ಹತ್ತಿತು. ಅದನ್ನು ಅತಿ ಅಗ್ಗದ ಕಾರು ಎಂದು ಕರೆದದ್ದೇ ತಪ್ಪಾಯಿತು ಎಂದು ಟಾಟಾ ಅವರೇ ಆಮೇಲೆ ಹೇಳಿದರು. ಅದು ನಿಜ. ಕಾರು ಕೊಳ್ಳುವವರು ಒಂದು ಮೆಟ್ಟಿಲು ಹತ್ತಿದ್ದೇವೆ ಎಂದು ಓಣಿಗೆ ತೋರಿಸಲು ಬಯಸುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರತನ್ ಟಾಟಾ ತೀರಿಕೊಂಡು ಆಗಿನ್ನೂ ಕೆಲವೇ ತಿಂಗಳಾಗಿದ್ದವು. ನ್ಯಾನೊ ನೋಡಲು ಸಿಗುತ್ತದೇನೋ ಎಂದು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಒಳಗೆ ಜಾತ್ರೆ. ಉಳವಿ ತೇರಿನ ದಿನದಷ್ಟು ಜನ. ಸುತ್ತುವ ವೇದಿಕೆಗಳ ಮೇಲಿನ ಗಾಡಿಗಳನ್ನು ದೂರದಿಂದಲೇ ನೋಡಬೇಕು, ಕೆಳಗೆ ನಿಲ್ಲಿಸಿದವುಗಳ ಬಾಗಿಲು ತೆರೆದಿರುತ್ತದೆ. ಅಲ್ಲಿ ಸರತಿ ನಿಂತು ಒಬ್ಬೊಬ್ಬರೇ ಸ್ಟಿಯರಿಂಗ್ ಹಿಡಿದು, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಶಾಲೆಯ ಹುಡುಗರು ಯಾವ ಗಾಡಿಗೆ ಎಷ್ಟು ಕಿಲೋವ್ಯಾಟ್ ಅವರ್ ಬ್ಯಾಟರಿ ಎಂದು ಮಗ್ಗಿ ಒಪ್ಪಿಸಿದಂತೆ ಹೇಳುತ್ತಿದ್ದರು. ಇಲ್ಲಿ ಬಂದವರಲ್ಲಿ ಹೆಚ್ಚಿನವರು ಈ ಗಾಡಿಗಳನ್ನು ಕೊಳ್ಳುವವರಲ್ಲ, ಅದು ಅವರಿಗೂ ಗೊತ್ತು, ನಿಲ್ಲಿಸಿದವರಿಗೂ ಗೊತ್ತು. ಆದರೂ ಯಾರನ್ನೂ ಕೆಳಗಿಳಿಯಿರಿ ಎಂದು ಅವಸರ ಮಾಡುತ್ತಿರಲಿಲ್ಲ. ಶೋರೂಮಿಗೆ ಕಾಲಿಡಲು ಹಿಂಜರಿಯುವವರೂ ಇಲ್ಲಿ ಚರ್ಮದ ಸೀಟಿನ ಮೇಲೆ ಕೈಯಾಡಿಸಿ ನೋಡಬಹುದು. ಕಾರಿನ ಮೇಳ ಇರಬೇಕಾದದ್ದೇ ಇದಕ್ಕಾಗಿ ಎಂದು ನನಗನ್ನಿಸುತ್ತದೆ.

ನಾವು ಒಂದು ನಿಯಮ ಮಾಡಿಕೊಂಡೆವು. ಪ್ರತಿ ಗಾಡಿಯಲ್ಲೂ ಮೊದಲು ನಾನು ಚಾಲಕರ ಸೀಟಿನಲ್ಲಿ ಕೂರಬೇಕು, ಇವರು ಹಿಂದೆ, ಆಮೇಲೆ ಅದಲುಬದಲು. ಹುಂಡೈನ ಕ್ರೆಟಾ ಎಲೆಕ್ಟ್ರಿಕ್ ಎರಡು ದಿನದ ಹಿಂದಷ್ಟೇ 17.99 ಲಕ್ಷದ ಆರಂಭದ ಬೆಲೆಗೆ ಬಿಡುಗಡೆಯಾಗಿತ್ತು. ಮಾರುತಿಯ ಮೊದಲ ಎಲೆಕ್ಟ್ರಿಕ್ ಕಾರು ಇ-ವಿಟಾರಾ ಅಲ್ಲಿತ್ತು. ವಿಯೆಟ್ನಾಮಿನ ವಿನ್‌ಫಾಸ್ಟ್ ಇತ್ತು, ಮಹೀಂದ್ರದ ಬಿಇ 6 ಇತ್ತು. ಕೂತು ನೋಡುತ್ತ ಹೋದಂತೆ ಕಾಗದದ ಮೇಲೆ ಬರೆಯದ ಸಂಗತಿಗಳು ತಿಳಿಯತೊಡಗಿದವು. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ನೆಲದ ಕೆಳಗೆ ಹಾಸಿಕೊಂಡಿರುತ್ತದೆ. ಹಾಗಾಗಿ ಬಹಳಷ್ಟು ಗಾಡಿಗಳಲ್ಲಿ ನಡುವೆ ಉಬ್ಬು ಇರುವುದಿಲ್ಲ, ಹಿಂದಿನ ಸಾಲಿನಲ್ಲಿ ಮಧ್ಯೆ ಕೂತವರಿಗೂ ಕಾಲಿಡಲು ಜಾಗವಿರುತ್ತದೆ. ಆದರೆ ನೆಲವೇ ಮೇಲೆ ಬಂದಿರುವುದರಿಂದ ಕೆಲವು ಗಾಡಿಗಳಲ್ಲಿ ಹಿಂದೆ ಕೂತರೆ ಮೊಳಕಾಲು ಎದೆಯ ಕಡೆಗೆ ಏರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಬೆಂಗಳೂರಿನವರೆಗೆ ಹಾಗೆ ಕೂತು ಹೋದರೆ ಅತ್ತೆಯವರ ಮೊಳಕಾಲು ಮಾರನೆಯ ದಿನ ಮಾತು ಕೇಳುವುದಿಲ್ಲ.

"ಅವ್ವಗ ಹತ್ತಾಕ ಆಗೂದಿಲ್ಲ ಇದನ್ನ" ಎಂದು ಇವರೂ ಒಂದು ಎತ್ತರದ ಗಾಡಿಯ ಬಾಗಿಲಲ್ಲಿ ನಿಂತು ಹೇಳಿದರು. ಸೀರೆ ಉಟ್ಟ ಎಂಬತ್ತರ ಹೆಂಗಸು ಒಂದು ಕಾಲು ಎತ್ತಿ ಅಷ್ಟು ಮೇಲಿಡಲಾರಳು. ತೀರಾ ಕೆಳಗಿರುವ ಸೀಟಾದರೆ ಇಳಿಯುವಾಗ ಎದ್ದು ನಿಲ್ಲಲಾರಳು. ಎದ್ದು ನಿಲ್ಲದೆ, ಬಗ್ಗದೆ, ಪಕ್ಕಕ್ಕೆ ಜಾರಿ ಕೂರುವಂಥ ಎತ್ತರ ಬೇಕು. ನಾನು ಪ್ರತಿ ಗಾಡಿಯ ಸೀಟಿನ ಎತ್ತರವನ್ನು ನನ್ನ ಸೊಂಟಕ್ಕೆ ಹಿಡಿದು ನೋಡುತ್ತ ಬಂದೆ.

ಒಂದು ಸರತಿಯಲ್ಲಿ ನಮ್ಮ ಮುಂದೆ ಲುಧಿಯಾನಾದ ವಯಸ್ಸಾದ ದಂಪತಿ ಇದ್ದರು. ತಮ್ಮ ಪಾಳಿ ಬಂದಾಗ ಇಬ್ಬರೂ ನೇರವಾಗಿ ಹಿಂದಿನ ಸೀಟಿಗೆ ಹೋಗಿ ಕೂತರು. ಮುಂದೆ ಕೂತು ನೋಡಿ ಎಂದು ಸ್ಟಾಲಿನ ಹುಡುಗಿ ಹೇಳಿದ್ದಕ್ಕೆ ಆ ಹೆಂಗಸು, ಓಡಿಸುವವನು ಮಗ, ನಾವು ಕೂರುವುದು ಇಲ್ಲೇ, ಹಾಗಾಗಿ ಇಲ್ಲಿಂದಲೇ ನೋಡುತ್ತೇವೆ ಅಂದರು. ಆಮೇಲೆ ಆಕೆ ಹಿಂದಿನ ಕಿಟಕಿಯಿಂದ ಹೊರಗೆ ಎಷ್ಟು ಕಾಣುತ್ತದೆ ಎಂದು ಕತ್ತು ಆಚೀಚೆ ತಿರುಗಿಸಿ ಪರೀಕ್ಷಿಸಿದರು. ಈಗಿನ ಗಾಡಿಗಳಲ್ಲಿ ಕಿಟಕಿಯ ಅಂಚು ಹಿಂದೆ ಹಿಂದೆ ಹೋದಂತೆ ಮೇಲೇರುತ್ತದೆ, ಹೊರಗಿನಿಂದ ನೋಡಲು ಅದು ಚಂದ. ಒಳಗೆ ಕೂತ ಗಿಡ್ಡ ಮನುಷ್ಯರಿಗೆ ಆಕಾಶ ಮಾತ್ರ ಕಾಣುತ್ತದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಂದು ವಿಷಯ ಕೂತುಬಿಟ್ಟಿತು. ನಮ್ಮ 800ರ ಉದ್ದ 3,335 ಮಿಲಿಮೀಟರ್, ತೂಕ ಆರೂವರೆ ಕ್ವಿಂಟಲ್ಲಿನ ಆಸುಪಾಸು. ಅದೇ ಕಂಪನಿಯ ಇ-ವಿಟಾರಾ 4,275 ಮಿಲಿಮೀಟರ್, ತೂಕ ಒಂದೂಮುಕ್ಕಾಲು ಟನ್ನಿನ ಹತ್ತಿರ. ಕೂರುವವರು ಮಾತ್ರ ಹೆಚ್ಚುಕಡಿಮೆ ಅಷ್ಟೇ ಮಂದಿ. ಒಂದು ಮೀಟರಿಗೆ ಹತ್ತಿರ ಉದ್ದ ಹೆಚ್ಚಾಗಿದೆ, ಎರಡೂವರೆ ಪಟ್ಟು ತೂಕ ಏರಿದೆ. ಅದೇ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಜನ ಕಡಿಮೆಯಾಗಿದ್ದಾರೆ. ನಮ್ಮ ಓಣಿಯಲ್ಲೇ ನೋಡಿದರೆ ಆರು ಮಂದಿ ಇದ್ದ ಮನೆಯಲ್ಲಿ ಈಗ ಇಬ್ಬರು, ಬಾಗಿಲ ಮುಂದೆ ಮಾತ್ರ ಏಳು ಸೀಟಿನ ಗಾಡಿ. ಅದರ ಹಿಂದಿನ ಸಾಲು ವರ್ಷಪೂರ್ತಿ ಮಡಚಿಕೊಂಡೇ ಇರುತ್ತದೆ.

ಚಿಕ್ಕ ಕಾರಿಗೆ ಸರ್ಕಾರ ಪ್ರೋತ್ಸಾಹ ಕೊಟ್ಟಿಲ್ಲವೆಂದಲ್ಲ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಗಾಡಿಗಳಿಗೆ ಅಬಕಾರಿ ಸುಂಕ ಇಳಿಸಿದರು. ಆದರೆ ಕಂಪನಿಗಳು ಅದೇ ನಾಲ್ಕು ಮೀಟರಿನೊಳಗೆ ಎತ್ತರದ ಎಸ್‌ಯುವಿ ಮಾಡುವುದನ್ನು ಕಲಿತವು. 2020ರಲ್ಲಿ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಬಂತು, ಆಮೇಲೆ ಎರಡು ಏರ್‌ಬ್ಯಾಗ್ ಕಡ್ಡಾಯವಾದವು. ಎರಡೂ ಬೇಕಾಗಿದ್ದವೇ, ಆದರೆ ಅವುಗಳ ಖರ್ಚು ಅಗ್ಗದ ಗಾಡಿಯ ಮೇಲೆ ಭಾರವಾಗಿ ಬಿತ್ತು. 800ರ ತಯಾರಿಕೆ 2014ರಲ್ಲೇ ನಿಂತಿತ್ತು, ಆಲ್ಟೊ 800 ಕೂಡ 2023ರಲ್ಲಿ ಹೋಯಿತು. ಸ್ಕೂಟರಿನಿಂದ ಇಳಿದು ಮೊದಲ ಕಾರು ಹತ್ತುವವರಿಗೆ ಇದ್ದ ಕೆಳಗಿನ ಮೆಟ್ಟಿಲನ್ನೇ ತೆಗೆದುಬಿಟ್ಟಂತಾಯಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಟಾಟಾ ಮಳಿಗೆಯಲ್ಲಿ ಇವರು ಹೊಸ ಸಿಯೆರಾದ ಮುಂದೆ ನಿಂತವರು ಕದಲಲೇ ಇಲ್ಲ. 1991ರ ಹಳೇ ಸಿಯೆರಾದಲ್ಲಿ ಹಿಂದಿನ ಸೀಟಿಗೆ ಬಾಗಿಲುಗಳಿರಲಿಲ್ಲ, ಪಕ್ಕದ ಅಗಲವಾದ ಗಾಜು ಚಾವಣಿಯವರೆಗೆ ಬಾಗಿಕೊಂಡಿರುತ್ತಿತ್ತು. ಧಾರವಾಡದಲ್ಲಿ ಇವರ ಕಾಲೇಜಿನ ದಿನಗಳಲ್ಲಿ ಒಬ್ಬ ಡಾಕ್ಟರರ ಹತ್ತಿರ ಒಂದಿತ್ತಂತೆ. ಅದು ನಿಂತಲ್ಲೆಲ್ಲ ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರಂತೆ. ಹೊಸದರಲ್ಲಿ ಹಿಂದೆಯೂ ಬಾಗಿಲುಗಳಿವೆ, ಆ ಗಾಜಿನ ಆಕಾರವನ್ನು ಕಪ್ಪು ಬಣ್ಣದಿಂದ ನೆನಪಿಸಿದ್ದಾರೆ. "ಬಾಗಿಲಾ ಬೇಕಾಗಿದ್ವು, ಚಲೋ ಮಾಡ್ಯಾರ" ಎಂದರು. ಇವರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಣೆಯ ವೇವ್ ಕಂಪನಿಯ ಈವಾ. ಚಾವಣಿಯ ಮೇಲೆ ಸೌರಫಲಕ ಹೊತ್ತ ಪುಟ್ಟ ಗಾಡಿ. ಬ್ಯಾಟರಿ ಬಾಡಿಗೆಯ ಲೆಕ್ಕದಲ್ಲಾದರೆ ಆಗ 3.25 ಲಕ್ಷದಿಂದ ಬೆಲೆ ಶುರುವಾಗುತ್ತಿತ್ತು, ಬಿಸಿಲಿನಿಂದಲೇ ವರ್ಷಕ್ಕೆ 3,000 ಕಿಲೋಮೀಟರ್‌ವರೆಗೆ ಓಡಬಹುದೆಂದು ಕಂಪನಿ ಹೇಳುತ್ತದೆ. ಇಬ್ಬರು ದೊಡ್ಡವರು, ಒಂದು ಮಗು ಕೂರಬಹುದು. ನನಗೆ ತಕ್ಷಣ ಬೆಂಗಳೂರಿನ ರೇವಾ ನೆನಪಾಯಿತು. 2001ರಲ್ಲಿ ಚೇತನ್ ಮೈನಿಯವರ ತಂಡ ಅದನ್ನು ರಸ್ತೆಗೆ ತಂದಾಗ ಎಲೆಕ್ಟ್ರಿಕ್ ಕಾರು ಎಂಬ ಮಾತನ್ನೇ ನಮ್ಮವರು ಕೇಳಿರಲಿಲ್ಲ. ಲೆಡ್-ಆಸಿಡ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರಿನ ಆಸುಪಾಸು. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಜಯನಗರದ ಗೆಳತಿಯ ಮನೆಯಲ್ಲಿ ಅದರಲ್ಲಿ ಕೂತು ಸದ್ದಿಲ್ಲದೆ ತಿರುವು ಹೊರಳಿದ ಅನುಭವ ನನಗಿನ್ನೂ ಹಸಿರಾಗಿದೆ. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನು ತೆಗೆದುಕೊಂಡಿತು. ಎರಡು ದಶಕ ಮುಂಚೆಯೇ ಕರ್ನಾಟಕದಲ್ಲಿ ಒಂದು ಸಣ್ಣ ತಂಡ ಈ ದಾರಿ ಹಿಡಿದಿತ್ತು. ಇಂದಿನ ಮಳಿಗೆಗಳ ಬೆಳಕಿನಲ್ಲಿ ಆ ತಂಡಕ್ಕೆ ಒಂದು ನಮಸ್ಕಾರ ಸಲ್ಲಬೇಕು.

ಈವಾದಲ್ಲಿ ಚಾಲಕರು ಮುಂದೆ ಒಬ್ಬರೇ, ಜೊತೆಯವರು ಹಿಂದೆ. ಇವರು ಹಿಂದೆ ಕೂತು ನೋಡಿ, "ಹಿಂದ ಮುಂದ ಕೂತ್ರ ಮಾತಾಡೂದು ಹೆಂಗ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಸಂಜೆ ಇಂಡಿಯಾ ಗೇಟಿನವರೆಗೆ ನಡೆದುಕೊಂಡೇ ಹೋದೆವು. ಕಾಲು ಸೋತಿದ್ದವು. ಗಜಕ್ ಮಾರುವವನ ಹತ್ತಿರ ಎಳ್ಳಿನದೊಂದು ಪೊಟ್ಟಣ ಕೊಂಡು, ಮನೆಯಿಂದ ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಹುಲ್ಲಿನ ಮೇಲೆ ಕೂತೆವು. ಈವಾದಲ್ಲಿ ಕೇಳಿದ ಪ್ರಶ್ನೆಯನ್ನು ಇವರು ಅಲ್ಲಿ ಮುಂದುವರಿಸಿದರು. ನನ್ನ ಮಾವನವರು ಶಾಲಾ ಮಾಸ್ತರರು. ಊರ ಜಾತ್ರೆಗೋ ಮದುವೆಗೋ ಹೊರಟರೆ ಮನೆಯವರೆಲ್ಲ ಒಟ್ಟಿಗೆ ಹೋದದ್ದೇ ಇಲ್ಲವಂತೆ. ಅರ್ಧ ಮಂದಿ ಮುಂಜಾನೆಯ ಬಸ್ಸಿಗೆ, ಉಳಿದವರು ಯಾರದಾದರೂ ಟ್ರ್ಯಾಕ್ಸ್‌ನಲ್ಲಿ ಜಾಗ ಸಿಕ್ಕಾಗ.

"ಎಲ್ಲಾರೂ ಒಂದ ಗಾಡ್ಯಾಗ ಕೂತ್ರ ಮಾತಾಡ್ಕೋತ ಹೋಗಬಹುದು. ಎರಡು ಗಾಡಿ ಆದ್ರ ಮಾತೂ ಹಂಚಿ ಹೋಗ್ತಾವ. ನನಗ ಸೀಟ್ ಬೇಕಾಗಿಲ್ಲ, ಆ ಮಾತು ಬೇಕಾಗೈತಿ."

ಇಷ್ಟು ವರ್ಷದಲ್ಲಿ ಇವರು ಇದನ್ನು ಹೇಳಿರಲಿಲ್ಲ. ನಾನೂ ನನ್ನದನ್ನು ಹೇಳಿದೆ. "ರೀ, ನನಗ ಆ 800ರಾಗ ನಾಲ್ಕೂ ಮಂದಿ ಮೊಳಕಾಲಿಗೆ ಮೊಳಕಾಲು ಹಚ್ಚಿ ಗೋಕರ್ಣಕ್ಕ ಹೋಗಿದ್ದ ನೆನಪೈತಿ. ಅಷ್ಟು ಹತ್ತಿರ ಮತ್ತ ಎಂದೂ ಕೂತಿಲ್ಲ ನಾವು." ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೋಣೆ, ಒಂದೊಂದು ಫೋನು. ಗಾಡಿಯೂ ದೊಡ್ಡದಾದರೆ ನಡುವೆ ಇನ್ನಷ್ಟು ಜಾಗ ಬಿದ್ದುಬಿಡುತ್ತದೆ ಅನ್ನುವ ಅಂಜಿಕೆ ನನ್ನದು.

ಅಲ್ಲಿಯೇ ಲೆಕ್ಕ ಹಾಕಿದೆವು. ಮಕ್ಕಳಿಬ್ಬರೂ ಒಟ್ಟಿಗೆ ಊರಿಗೆ ಬರುವುದು ದೀಪಾವಳಿಗೆ, ಮತ್ತೆ ಬೇಸಿಗೆಯಲ್ಲಿ. ಆ ದಿನಗಳಿಗೆ ಏಳು ಸೀಟಿನ ಗಾಡಿಯನ್ನು ಬಾಡಿಗೆಗೆ ತೆಗೆದುಕೊಂಡರೆ ಡ್ರೈವರ್ ಸಮೇತ ಬರುತ್ತಾನೆ, ಇವರು ಹಿಂದೆ ತಾಯಿಯ ಪಕ್ಕ ಕೂತು ಮಾತಾಡಬಹುದು. ಗಾಡಿ ಓಡಿಸುವವರು ತಿರುಗಿ ನೋಡಿ ಮಾತಾಡಲಾಗುವುದಿಲ್ಲವಲ್ಲ, ಆ ಮಾತು ಇವರಿಗೆ ಹಿಡಿಸಿತು. ದಿನದ ಓಡಾಟಕ್ಕೆ ಚಿಕ್ಕ ಎಲೆಕ್ಟ್ರಿಕ್ ಗಾಡಿ ಸಾಕು. ಧಾರವಾಡ-ಹುಬ್ಬಳ್ಳಿ ಹೋಗಿಬರಲು ನಲವತ್ತು ಕಿಲೋಮೀಟರ್, ರಾತ್ರಿ ಮನೆಯಲ್ಲೇ ಚಾರ್ಜಿಗೆ ಹಾಕಬಹುದು, ಜಿಎಸ್‌ಟಿಯೂ ಶೇಕಡಾ 5 ಮಾತ್ರ. ಮೇಳದಲ್ಲಿ ಜನ ಮುತ್ತಿಕೊಂಡಿದ್ದ ಗಾಡಿಗಳ ಸಾಲಿನಲ್ಲಿ ಅಂಥದು ಇರಲಿಲ್ಲ. ಬೇರೆ ಬೇರೆ ಗಾಡಿಗಳಲ್ಲಿ ಹತ್ತಿ ಇಳಿದ ಮೇಲೆ ಇಬ್ಬರಿಗೂ ಮನಸ್ಸಿಗೆ ಬಂದದ್ದು ಟಾಟಾದ ಚಿಕ್ಕ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿ. ನಮ್ಮ ಓಣಿಯ ತಿರುವಿನಲ್ಲಿ ಒಂದೇ ಸಲಕ್ಕೆ ಹೊರಳುತ್ತದೆ, ಸೀಟೂ ಅತ್ತೆಯವರು ಜಾರಿ ಕೂರುವ ಎತ್ತರದಲ್ಲಿದೆ ಎಂದು ನನ್ನ ಅಂದಾಜು. ಅವರನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡುವುದೆಂದು ಮಾತಾಯಿತು.

ಇವರು ಒಂದೇ ಷರತ್ತು ಹಾಕಿದರು: 800 ಮಾರಬಾರದು. ಅದರ ಆರ್‌ಸಿ 2029ರವರೆಗೆ ಇದೆ. ನಾನು ಒಪ್ಪಿದೆ, ನನ್ನದೂ ಒಂದು ಷರತ್ತು ಸೇರಿಸಿ. ಹುಬ್ಬಳ್ಳಿಯಲ್ಲಿ ಟೆಸ್ಟ್ ಡ್ರೈವ್‌ಗೆ ಹೋದಾಗ ಮೊದಲು ಓಡಿಸುವವಳು ನಾನು, ಪಕ್ಕದ ಸೀಟಿನಲ್ಲಿ ಇವರು, ಹಿಂದೆ ಅತ್ತೆಯವರು. ಶೋರೂಮಿನ ಹುಡುಗ ಬೇಕಿದ್ದರೆ ಅವರ ಪಕ್ಕದಲ್ಲಿ ಕೂರಲಿ.